ನಿಮ್ಮ ಮಗು ಯಾವ ಶಾಲೆ?
ಗೆಂಟ್ ನಗರದ ಚರ್ಚಿನ ಹಿಂದಿನ ಕೋಣೆಯಲ್ಲಿ ದಾನದ ಬಟ್ಟೆ ವಿಂಗಡಿಸುವ ಗೊಡೆಲೀವಜ್ಜಿಗೆ ಎಂಥ ಒಳ್ಳೆಯ ಕೋಟು ತಂದುಕೊಟ್ಟರೂ ಬಾಯಿಗೆ ಮೊದಲು ಬರುವುದು ಒಂದೇ ಪ್ರಶ್ನೆ: “ನಿಮ್ಮ ಮಗು ಯಾವ ಶಾಲೆ?” “ಕೊಡೋಕೆ ಬಂದ್ರೆ ಪೊಲೀಸ್ನೋರ ಥರ ವಿಚಾರಣೆ ಮಾಡ್ತೀರಲ್ಲಜ್ಜೀ!” ಎಂದು ಯಾರಾದರೂ ರೇಗಿದರೆ, “ಅದು ಎಲ್ಲಿಗೆ ಹೋಗ್ಬೇಕು ಅನ್ನೋದು ನನ್ ತಲೆನೋವು, ನೀವು ಹೇಳಿ” ಎಂದು ಹಟ ಹಿಡಿಯುತ್ತಾಳೆ. ಊರಿನ ಈ ತುದಿಯ ಶಾಲೆಯ ಕೋಟು ಆ ತುದಿಗೇ ಹೋಗಬೇಕು; ಕಾಲರಿನೊಳಗೆ ಹೊಲಿದ ಹೆಸರನ್ನು ಬಿಚ್ಚದೆ ಒಂದೂ ಬಾಗಿಲು ದಾಟುವಂತಿಲ್ಲ. ಅಜ್ಜಿಗೆ ಎಂಟು ವರ್ಷವಿದ್ದಾಗ ಇದೇ ಕೋಣೆಯಿಂದ ಸಿಕ್ಕ ನೀಲಿ ಕೋಟಿನಲ್ಲಿ ತರಗತಿಯ ಪಕ್ಕದ ಬೆಂಚಿನ ಹುಡುಗಿ ಹಿಲ್ಡೆಯ ಹೆಸರಿತ್ತು. ಆ ಚಳಿಗಾಲ ಬಟ್ಟೆಯ ಖರ್ಚು ಉಳಿದದ್ದರಿಂದಲೇ ಅಮ್ಮ ಹೊಲಿಗೆ ಯಂತ್ರ ಕೊಂಡದ್ದು, ಅದರ ದುಡಿಮೆಯಿಂದ ಸಂಸಾರ ಚೇತರಿಸಿಕೊಂಡದ್ದು. ಆದರೆ ಅಜ್ಜಿ ಇಂದಿಗೂ ಹೆಚ್ಚು ನೆನೆಯುವುದು, ಕೋಟು ಸಿಕ್ಕ ಮರುದಿನ ತರಗತಿಯಲ್ಲಿ ಅದರ ತೋಳು ಮುಟ್ಟಿ, ಗುರುತೇ ಸಿಗದವಳಂತೆ ಹಿಲ್ಡೆ ಹೇಳಿದ ಮಾತನ್ನು: “ಹೊಸಾದಾ? ನಿಂಗೆ ಎಷ್ಟು ಚೆನ್ನಾಗಿ ಒಪ್ಪತ್ತೆ ಕಣೇ!”