ಬೂಷ್ಟು ಮೇಷ್ಟ್ರು ಕೊಡದ ಉತ್ತರ

“ಇಷ್ಟು ವರ್ಷ ಬೂಷ್ಟು ಬೆಳೆಸಿ ಹೇನುಗಳನ್ನ ಚೆನ್ನಾಗಿ ಸಾಕಿದ್ದೀರಿ ಮೇಷ್ಟ್ರೇ! ಒಂದು ತೊಟ್ಟಿಲೂ ಕಟ್ಟಿಬಿಡಿ, ಜೋಗುಳ ಹಾಡೋಣ.”

ಪ್ರಾತ್ಯಕ್ಷಿಕೆ ನೋಡಲು ಬಂದಿದ್ದ ರೈತರ ಎದುರು, ಮೆಕ್ಕೆಜೋಳದ ತಾಕಿನ ಬದುವಿನ ಮೇಲೆ ನಿಂತು ನಮ್ಮ ಸಂಶೋಧನಾ ಕೇಂದ್ರದ ಅಧೀಕ್ಷಕರು ಹೀಗೆಂದಾಗ ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ನಿವೃತ್ತರಾಗುತ್ತಿರುವ ಮೇಷ್ಟ್ರ ಈ ಅಭಿನಂದನ ಗ್ರಂಥದಲ್ಲಿ ಇಂಥ ಮಾತು ಬೇಡವೆಂದು ಸಂಪಾದಕರು ಸೂಚಿಸಿದ್ದಾರೆ. ನಾನು ಇದರಿಂದಲೇ ಆರಂಭಿಸುತ್ತೇನೆ.

ಜೋಳದ ಸುಳಿಯಲ್ಲಿ ಗುಂಪುಗಟ್ಟಿ ರಸ ಹೀರುವ ಸಸ್ಯಹೇನನ್ನು ವಿಷವಿಲ್ಲದೆ, ಅದರ ಮೈಮೇಲೆಯೇ ಬೆಳೆದು ಅದನ್ನು ಕೊಲ್ಲುವ ಶಿಲೀಂಧ್ರದಿಂದ, ಅಂದರೆ ಬೂಷ್ಟಿನಿಂದ, ಹತೋಟಿಗೆ ತರಬಹುದೆಂದು ಈ ಭಾಗದಲ್ಲಿ ಮೊದಲು ಹೇಳಿದವರೂ, ಹೇಳಿದ್ದನ್ನು ಹೊಲದಲ್ಲಿಳಿದು ಮಾಡಿ ತೋರಿಸಿದವರೂ ನಮ್ಮ ಮೇಷ್ಟ್ರು. ಅವರ ಪ್ರಬಂಧಗಳ ಬಗ್ಗೆ ಓದಿದವರು ಬರೆಯಲಿ. ನಾನು ಶಾಲೆಯನ್ನು ಅರ್ಧಕ್ಕೇ ಬಿಟ್ಟು, ಬೆನ್ನಿಗೆ ಪಂಪು ಹೊತ್ತವನು.

ಕೇಂದ್ರಕ್ಕೆ ಸೇರಿದ ಹೊಸತರಲ್ಲಿ ಕೀಟನಾಶಕದ ಗಾಳಿಗೆ ತಲೆ ತಿರುಗಿ ನಾನು ತಾಕಿನಲ್ಲೇ ಬಿದ್ದಾಗ, ತಮ್ಮ ಸ್ಕೂಟರಿನ ಹಿಂದೆ ಕೂರಿಸಿ, ಜಾರಿ ಬೀಳದಂತೆ ಟವೆಲಿನಿಂದ ತಮ್ಮ ಸೊಂಟಕ್ಕೇ ಕಟ್ಟಿಕೊಂಡು ಆಸ್ಪತ್ರೆಗೆ ಒಯ್ದವರು ಅವರು. ಗುಣವಾಗಿ ಬಂದ ಮೇಲೆ ನನ್ನನ್ನು ತಮ್ಮ ಕೋಣೆಯ ಕೆಲಸಕ್ಕೆ ಕೇಳಿ ಪಡೆದರು. ಅಲ್ಲಿ ಬೇಯಿಸಿದ ಅಕ್ಕಿಯ ಮೇಲೆ ಬಿಳಿ ಬೂಷ್ಟು ಬೆಳೆಯುತ್ತಿತ್ತು. “ಇದು ಔಷಧಿ ಅಲ್ಲ ಕಣೋ, ಜೀವ. ಬಿಸಿಲು ತಾಗಿದ್ರೆ ಸಾಯುತ್ತೆ, ಮೈಲುತುತ್ತ ತಾಗಿದ್ರೂ ಸಾಯುತ್ತೆ. ಮಗು ಎತ್ಕೊಂಡ ಹಾಗೆ ಎತ್ಕೋ” ಎನ್ನುತ್ತಿದ್ದರು. ಅದಕ್ಕೆಂದೇ ಒಂದು ಪಂಪಿಗೆ ಬಿಳಿ ಪಟ್ಟಿ ಬಳಿದಿಟ್ಟಿದ್ದರು. ಅದರೊಳಗೆ ಬೇರೇನನ್ನೂ ಹಾಕಬಾರದು, ಅದನ್ನು ಯಾರಿಗೂ ಎರವಲು ಕೊಡಬಾರದು.

ಆ ಪಂಪನ್ನೇ ಅಧೀಕ್ಷಕರು ಉಗ್ರಾಣದಿಂದ ತೆಗೆಸಿ, ತಮ್ಮ ಕಚೇರಿಯ ಮುಂದಿನ ಗುಲಾಬಿಗಳಿಗೆ ಮೈಲುತುತ್ತದ ನೀಲಿ ದ್ರಾವಣ ಹೊಡೆಸಿದ್ದರು. ಅದು ಆಗ ನಮಗೆ ತಿಳಿದಿರಲಿಲ್ಲ. ಪ್ರಾತ್ಯಕ್ಷಿಕೆಯ ಸಿಂಪಡಣೆಗೆ ಪಂಪು ಕೇಳಲು ಹೋದಾಗ “ತೊಳೆದಿದೆ, ತಗೊಂಡ್ಹೋಗಿ” ಎಂದವರೂ ಅವರೇ. ಬೇಕೆಂದೇ ಅಂದರೋ, ಮರೆತು ಅಂದರೋ, ಆ ಪಂಚಾಯಿತಿ ನನಗೆ ಬೇಡ. ಮೇಷ್ಟ್ರು ಸುರಿದ ಬೂಷ್ಟು ಪಂಪಿನೊಳಗೇ ಸತ್ತಿತು. ವಾರ ಕಳೆದು ರೈತರು ಬಂದಾಗ ಹೇನುಗಳು ಸುಳಿ ತುಂಬ ಕೊಬ್ಬಿ ಕೂತಿದ್ದವು.

ಜನ ನಗುತ್ತಿರುವಾಗಲೇ ಮೇಷ್ಟ್ರು, ರೈತರಿಗೆ ತೋರಿಸಲೆಂದು ನಾನು ಬೆನ್ನಿಗೆ ಹೊತ್ತಿದ್ದ ಅದೇ ಪಂಪಿನ ಮುಚ್ಚಳ ತಿರುಗಿಸಿ ಒಳಗೆ ಬೆರಳಾಡಿಸಿದರು. ಬೆರಳ ತುದಿ ನೀಲಿಯಾಯಿತು. ಅದನ್ನು ಕಂಡ ನಾನು ಬಾಯಿ ತೆರೆದೆ. ಅವರು ನನ್ನ ಮಣಿಕಟ್ಟು ಗಟ್ಟಿಯಾಗಿ ಹಿಡಿದರು.

ಆಮೇಲೆ ಕೋಣೆಯಲ್ಲಿ, “ಯಾಕೆ ಬಾಯಿ ಮುಚ್ಕೊಂಡ್ರಿ?” ಎಂದು ಜಗಳಕ್ಕೇ ನಿಂತೆ.

“ಪಂಪು ಯಾರ ಬೆನ್ನ ಮೇಲಿತ್ತು? ಇವನೇ ತೊಳೀಲಿಲ್ಲ ಅಂತ ಅಧೀಕ್ಷಕ ನಿನ್ನ ಕಡೆ ಬೆರಳು ಮಾಡ್ತಿದ್ದ. ಆ ಹೊತ್ತಿಗೇ ನಿನ್ನನ್ನ ಗೇಟಿನ ಹೊರಗೆ ಹಾಕ್ತಿದ್ದ. ನನಗೆ ಬೈದ್ರೆ ಏನೋ ಆಗುತ್ತೆ? ಬೂಷ್ಟಂತೂ ಸಾಯಲ್ಲ.”

ಮುಂದಿನ ಬೆಳೆಯಲ್ಲಿ, ಹೊಸ ಪಂಪಿನಿಂದ ಸಂಜೆಯ ತಂಪಿನಲ್ಲಿ ಸಿಂಪಡಿಸಿದೆವು. ಹೇನುಗಳು ಹತ್ತಿ ಅಂಟಿದಂತೆ ಬೆಳ್ಳಗಾಗಿ ಸತ್ತವು. ಅದನ್ನು ನೋಡಲು ಅಧೀಕ್ಷಕರು ಯಾರನ್ನೂ ಕರೆಯಲಿಲ್ಲ. ಈಗ ಆ ಹಳೆಯ ಸೋಲನ್ನೇ ಮುಂದೆ ಮಾಡಿ, ಮೇಷ್ಟ್ರು ಹೊರಟ ಮೇಲೆ ಬೂಷ್ಟಿನ ಕೋಣೆಯನ್ನು ಗೊಬ್ಬರದ ಗೋದಾಮು ಮಾಡುತ್ತಾರಂತೆ. ಈ ಗ್ರಂಥದ ಮೊದಲ ಪುಟದಲ್ಲಿ ಆ ಅಧೀಕ್ಷಕರದ್ದೇ ಶುಭಸಂದೇಶವಿದೆ. ಇರಲಿ, ಓದಿ. ಇದನ್ನೂ ಓದಿ. ನನ್ನನ್ನು ಕಾಪಾಡಲು ಮೇಷ್ಟ್ರು ನುಂಗಿಕೊಂಡದ್ದನ್ನು ನಾನು ನುಂಗಲಾರೆ; ಕೆಲಸ ಹೋದರೆ ಹೋಗಲಿ, ಆ ಕೋಣೆಗೆ ಬೀಗ ಬೀಳಬಾರದು.

ಮೇಷ್ಟ್ರೇ, ನಿಮಗೆ ತುಂಬು ಆಯುಷ್ಯವಿರಲಿ. ನಿಮ್ಮ ಕೈಯಲ್ಲಿ ಇನ್ನೂ ಬಹುಕಾಲ ಬೂಷ್ಟು ಬೆಳೆಯಲಿ. ಹೇಳದೆ ಬರೆದದ್ದಕ್ಕೆ ಬೈಯುತ್ತೀರಿ, ಗೊತ್ತು. ಬೈಯಿರಿ. ನನಗೆ ಮಾತ್ರ ಆ ಬದುವೇ ಕಣ್ಣ ಮುಂದಿದೆ. “ಉತ್ತರ ಕೊಟ್ಟು ಹೋಗಿ ಮೇಷ್ಟ್ರೇ!” ಎಂದು ಅಧೀಕ್ಷಕರು ಹಿಂದಿನಿಂದ ಕೂಗುತ್ತಿದ್ದರು. ನೀವು ನೀಲಿ ಬೆರಳನ್ನು ಮುಷ್ಟಿಯೊಳಗೆ ಮಡಚಿಕೊಂಡು, ನನ್ನ ಬೆನ್ನಿನಿಂದ ಪಂಪು ಇಳಿಸಿ ನಿಮ್ಮ ಹೆಗಲಿಗೇರಿಸಿಕೊಂಡು, ಜೋಳದ ಸಾಲುಗಳ ನಡುವೆ ತಿರುಗಿ ನೋಡದೆ ನಡೆದುಹೋದಿರಿ.