ತಂಗೆವ್ವ ಇಳಿಸದ ಆಣೆ

ಗಲಗಲಿಯ ತಂಗೆವ್ವನಿಗೆ ಸಿಟ್ಟು ಬಂದರೆ ಮಾತು ಕಡಿಮೆಯಾಗುತ್ತಿತ್ತು. ನೆರೆಮನೆಯವನಾದ ನನಗೆ ಅದರದೇ ಹೆದರಿಕೆ. ಕೂಗಾಡುವವರ ಸಿಟ್ಟು ಸಂಜೆಯೊಳಗೆ ಇಳಿಯುತ್ತದೆ. ಇವಳದು ಹತ್ತು ವರ್ಷ ಬೂದಿಯೊಳಗಿನ ಕೆಂಡದಂತೆ ಬೆಚ್ಚಗಿತ್ತು.

ಅವಳ ಗಂಡ ಅಮಸಿದ್ದಪ್ಪ ಕುರಿ ಕಾಯುವವನು, ಬೀರೇಶ್ವರನ ಒಕ್ಕಲು. ಜಮಖಂಡಿಯ ಕೃಷ್ಣಾಜಿ ಪಂತ ಇನ್ನೂ ಹೆಸರು ಮಾಡದ ಕಾಲದಲ್ಲಿ ನಮ್ಮ ಹೊಳೆದಂಡೆಗೆ ಬಂದು, ಅಮಸಿದ್ದಪ್ಪನನ್ನು ಬಿಸಿಲಲ್ಲಿ ನಿಲ್ಲಿಸಿಕೊಂಡು ಅವನ ಚಿತ್ರ ಬರೆದ. ಮುಗಿದ ಮೇಲೆ ಒಂದು ಚಿತ್ರ ನಿನಗೇ ಕೊಡುತ್ತೇನೆ ಎಂದು ಮಾತು ಕೊಟ್ಟ. ಆ ಆಸೆಗೆ ಅಮಸಿದ್ದಪ್ಪ ಕುರಿಗಳನ್ನು ಹೆಂಡತಿಗೆ ಒಪ್ಪಿಸಿ ಬೇಸಿಗೆಯಿಡೀ ನಿಂತ. ಮುಂದಿನ ವರ್ಷ ವಾಂತಿಭೇದಿಯಾಗಿ ತೀರಿಕೊಂಡ. ಅವನದೊಂದು ಫೋಟೋ ಕೂಡ ಮನೆಯಲ್ಲಿರಲಿಲ್ಲ. ತಂಗೆವ್ವ ಜಮಖಂಡಿಗೆ ಹೋಗಿ ಪಂತರ ವಾಡೆಯ ಬಾಗಿಲಲ್ಲಿ ಕೂತಳು. ಚಿತ್ರಗಾರ ಫ್ರಾನ್ಸಿಗೆ ಹೋಗಿದ್ದಾನೆ ಎಂದರು. ಇನ್ನೊಮ್ಮೆ ಹೋದಾಗ ಬಾಗಿಲನ್ನೇ ತೆರೆಯಲಿಲ್ಲ.

ಸಂಸ್ಥಾನ ಹೋಗಿ ಜಮಖಂಡಿ ಮುಂಬಯಿ ರಾಜ್ಯಕ್ಕೆ ಸೇರಿದ ಕೆಲವು ವರ್ಷಗಳ ಮೇಲೆ ಪಂತ ದೊಡ್ಡ ಮನುಷ್ಯನಾಗಿ ಊರಿಗೆ ಬಂದ. ಸರ್ರಿಯಲಿಸ್ಟ್ ಎಂದು ಪತ್ರಿಕೆಗಳು ಬರೆದವು. ಕಣ್ಣಿಗೆ ಕಂಡದ್ದನ್ನು ಬಿಟ್ಟು ಕನಸಿನಲ್ಲಿ ಕಂಡದ್ದನ್ನು ಬರೆಯುವವನು ಎಂದು ನಾವು ಅರ್ಥ ಮಾಡಿಕೊಂಡೆವು. ಜಮಖಂಡಿಯಲ್ಲಿ ನಡೆದ ಅವನ ಚಿತ್ರಗಳ ಪ್ರದರ್ಶನಕ್ಕೆ ಜನವೋ ಜನ. ರಬಕವಿಯ ನೇಕಾರರು ಮಗ್ಗ ನಿಲ್ಲಿಸಿ ಬಂದರು, ತೇರದಾಳದ ಬಸ್ಸು ತುಂಬಿ ತುಳುಕುತ್ತ ಬಂತು. ಏಣಿ ಹತ್ತುವ ಮೀನು, ಕೊಂಬು ಮೂಡಿದ ಕುರ್ಚಿ ನೋಡಿ ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನೂ ನಕ್ಕೆ.

ಎಲ್ಲಕ್ಕಿಂತ ದೊಡ್ಡ ಚಿತ್ರ ಕೊನೆಯ ಗೋಡೆಯ ಮೇಲಿತ್ತು. ತಂಗೆವ್ವ ಅದರ ಮುಂದೆ ನಿಂತಿದ್ದಳು. ಹುಬ್ಬಿನ ಮೇಲಿನ ಗಾಯದ ಕಲೆ ಸಹಿತ ಅಮಸಿದ್ದಪ್ಪನದೇ ಮುಖ. ಬಾಯಿಂದ ಹೊಳೆ ಹರಿಯುತ್ತಿದೆ, ಹೊಟ್ಟೆಯೊಳಗೆ ಕುರಿಗಳು ಮೇಯುತ್ತಿವೆ.

"ಕುರಿ ಹೊಟ್ಟ್ಯಾಗ ಇದ್ರ ಇರ್ಲಿ, ಅವ್ರಿಗೆ ಬರೇ ಅದೇ ಚಿಂತಿ ಇತ್ತು," ಎಂದು ನನಗೆ ಹೇಳಿ ಪಂತನ ಕಡೆ ನಡೆದಳು.

ಪಂತ ಮುಂಬಯಿಯಿಂದ ಬಂದ ದೊಡ್ಡವರಿಗೆ ಅದೇ ಚಿತ್ರವನ್ನು ತೋರಿಸುತ್ತಿದ್ದ. ಈ ಮುಖವನ್ನು ಲೋಕದಲ್ಲಿ ಯಾರೂ ಕಂಡಿಲ್ಲ, ಇದು ನನ್ನ ನಿದ್ದೆಯಿಂದ ಎದ್ದು ಬಂದದ್ದು ಎನ್ನುತ್ತಿದ್ದ. ಅವನ ಕೀರ್ತಿಯೆಲ್ಲ ನಿಂತದ್ದು ಆ ಮಾತಿನ ಮೇಲೆ.

"ರಾಯರ, ಇದು ನಮ್ಮನಿಯವ್ರ ಚಿತ್ರ. ಕೊಡ್ತೇನಂತ ಮಾತು ಕೊಟ್ಟಿದ್ರಿ," ಎಂದಳು ತಂಗೆವ್ವ.

"ಇದು ಕನಸಿನ್ಯಾಗ ಬಂದ ಮಾರಿ ಬೇ. ಹ್ವಾದಲ್ಲೆಲ್ಲಾ ಒಬ್ಬಾಕಿ ಬಂದು ನನ್ನ ಗಂಡ ಅಂತಾಳ," ಎಂದು ಪಂತ ನಕ್ಕ. ದೊಡ್ಡವರೂ ನಕ್ಕರು. ನನ್ನ ಮೈ ಉರಿದುಹೋಯಿತು.

"ಅಮಸಿದ್ದಪ್ಪ," ಎಂದಳು ತಂಗೆವ್ವ. ಗಂಡನ ಹೆಸರು ಅವಳ ಬಾಯಲ್ಲಿ ನಾನು ಕೇಳಿದ್ದು ಅದೇ ಮೊದಲು. ಸೊಂಟದ ಚೀಲದಿಂದ ಬೀರೇಶ್ವರನ ಭಂಡಾರ, ಆ ಅರಿಸಿನ ಪುಡಿ, ಅಂಗೈಗೆ ಸುರಿದುಕೊಂಡು ಮುಂದೆ ಹಿಡಿದಳು. "ಅವ್ರನ್ನ ಕಂಡಿಲ್ಲಂತ ಇದನ್ನ ಮುಟ್ಟಿ ಹೇಳ್ರಿ. ಚಿತ್ರಾ ಒಯ್ರಿ. ನಾ ಮತ್ತ ಕೇಳೂದಿಲ್ಲ."

ನಮ್ಮ ಕಡೆ ಭಂಡಾರ ಮುಟ್ಟಿ ಯಾರೂ ಸುಳ್ಳು ಹೇಳುವುದಿಲ್ಲ. ಹೇಳಿದವನ ಕೈ ಬಿದ್ದುಹೋಗುತ್ತದೆ. ಆಣೆ ಹಾಕಿಸಿದವರೇ ಆ ಕೈಗೆ ಮತ್ತೆ ಭಂಡಾರ ಹಚ್ಚಿದರೆ ಮಾತ್ರ ಆ ಆಣೆ ಇಳಿಯುತ್ತದೆ. ಇದೇ ಮಣ್ಣಿನಲ್ಲಿ ಹುಟ್ಟಿದ ಪಂತನಿಗೆ ಅದು ಗೊತ್ತಿತ್ತು. ಆದರೆ ದೊಡ್ಡವರು ನೋಡುತ್ತಿದ್ದರು. ಬಲಗೈ ಚಾಚಿ ಮುಟ್ಟಿಯೇ ಬಿಟ್ಟ.

"ಅಮಸಿದ್ದಪ್ಪ ಅನ್ನಾವನ್ನ ನಾ ಕಂಡೇ ಇಲ್ಲ."

ನಗುತ್ತಿದ್ದ ಜನ ಚಿತ್ರದಿಂದ ಹಿಂದೆ ಸರಿದರು. ತಂಗೆವ್ವ ಸೆರಗಿಗೆ ಕೈ ಒರೆಸಿಕೊಂಡಳು. ಅವಳ ಮುಖದಲ್ಲಿ ಅಂಥ ಸಮಾಧಾನವನ್ನು ನಾನು ಎಂದೂ ಕಂಡಿರಲಿಲ್ಲ. ಅವನು ಸುಳ್ಳು ಹೇಳಲಿ ಎಂದೇ ಅವಳು ಬಂದಿದ್ದಳು. ನನಗೂ ಒಳಗೊಳಗೇ ಖುಷಿಯಾಯಿತು, ಮುಚ್ಚಿಡುವುದೇಕೆ. ಆ ಚಿತ್ರವನ್ನು ಗೋಡೆಯಿಂದ ಇಳಿಸಲು ಊರಿನ ಒಬ್ಬ ಹಮಾಲನೂ ಕೈ ಹಚ್ಚಲಿಲ್ಲ. ಮುಂಬಯಿಯವರೇ ಹೊತ್ತುಕೊಂಡು ಹೋದರು.

ನಮ್ಮ ಜಿಲ್ಲೆ ಮುಂಬಯಿ ಬಿಟ್ಟು ಮೈಸೂರಿಗೆ ಸೇರುತ್ತದೆಂಬ ಸುದ್ದಿ ಹಬ್ಬಿದ್ದ ಬೇಸಿಗೆಯಲ್ಲಿ ಪಂತ ಗಲಗಲಿಗೆ ಬಂದ. ಬಲಗೈ ಗದಗದ ನಡುಗುತ್ತಿತ್ತು. ಕುಂಚ ಹಿಡಿಯುವುದು ಎಂದೋ ನಿಂತಿತ್ತು. ಡಾಕ್ಟರರು ನರದ ದೋಷ ಎಂದರಂತೆ. ಅಂಜಿಕೆಯೇ ಅವನನ್ನು ತಿಂದಿತು ಎಂದು ನನ್ನ ಎಣಿಕೆ. ಮುಂಬಯಿಯಿಂದ ವಾಪಸು ತರಿಸಿ ಬಟ್ಟೆ ಸುತ್ತಿದ ಅದೇ ಚಿತ್ರವನ್ನು ಆಳುಗಳ ಮೇಲೆ ಹೊರಿಸಿಕೊಂಡು ಬಂದು ಅವಳ ಅಂಗಳದಲ್ಲಿ ನಿಂತ.

"ತಂಗೆವ್ವ, ನಿನ್ನ ಗಂಡನ್ನ ತಂದೇನಿ. ಆಣಿ ಇಳಸು."

"ಅವ್ರನ್ನ ನೀವು ಕಂಡೇ ಇಲ್ಲಲ್ರಿ. ಮತ್ತ ಯಾರನ್ನ ತಂದೀರಿ?"

ಪಂತ ನೆಲಕ್ಕೆ ಕುಸಿದು ಕೈ ಚಾಚಿ ಅತ್ತ. ತಂಗೆವ್ವ ಒಳಗಿನಿಂದ ತಂಬಿಗೆ ತಂದಳು. "ನೀರು ಕುಡೀರಿ. ಗಂಟು ಬಿಚ್ಚಬ್ಯಾಡ್ರಿ, ಹಂಗೇ ಒಯ್ರಿ," ಎಂದಳು. ಅವನು ಅರ್ಧ ನೀರು ಚೆಲ್ಲಿ, ಅರ್ಧ ಕುಡಿದು ಎದ್ದ.

ಅವರು ಹೊಳೆಯ ದಾರಿ ಹಿಡಿದ ಮೇಲೆ ನಾನು ಕೇಳಿದೆ: "ಇನ್ನೊಮ್ಮಿ ಮಾರಿನಾದ್ರೂ ನೋಡಬೇಕಿತ್ತಲ್ಲ ತಂಗೆವ್ವ?"

"ನೋಡಿದ್ರ ಇಟ್ಕೋತಿದ್ದೆ. ಇಟ್ಕೊಂಡ್ರ ಆಣಿ ಇಳಸಬೇಕಾಗ್ತಿತ್ತು," ಎಂದು ಹೇಳಿ, ಆಳುಗಳ ಹೆಗಲ ಮೇಲಿನ ಗಂಟು ಮರೆಯಾಗುವವರೆಗೂ ಅವಳು ಅಲ್ಲೇ ನಿಂತಿದ್ದಳು.