ಮಂಜಿನಲ್ಲಿ ಓಗೊಟ್ಟದ್ದು ಯಾರು?

ಕಾಡಂಚಿನ ಕತೆಗಳನ್ನು ನಾನು ಎಂದೂ ನಂಬಿದವಳಲ್ಲ. ದಿನಚರಿಯಲ್ಲಿ ತಾರೀಕು, ಹವೆ, ಕಂಡ ಹಕ್ಕಿಗಳ ಲೆಕ್ಕ ಬರೆದಿಡುವುದು ನನ್ನ ರೂಢಿ. ಕಣ್ಣಿಗೆ ಬೀಳದ್ದಕ್ಕೆ ಅದರಲ್ಲಿ ಜಾಗವಿರಲಿಲ್ಲ. ಕೆಲವು ವರ್ಷಗಳ ಹಿಂದಿನ ಒಂದು ಬೆಳಿಗ್ಗೆಯನ್ನು ಮಾತ್ರ ಹೇಗೆ ಬರೆದಿಡಬೇಕೋ ಇವತ್ತಿಗೂ ತಿಳಿದಿಲ್ಲ. ನಡೆದದ್ದನ್ನು ನಡೆದ ಹಾಗೆಯೇ ಹೇಳುತ್ತೇನೆ.

ಜೀರಹಳ್ಳಿಯ ಆಚೆ, ಕಾಡಿಗೆ ತಾಗಿಕೊಂಡು ನಮ್ಮ ಹೊಲ. ಆ ಚಳಿಗಾಲವಿಡೀ ಅವ್ವ ಅವರೆಕಾಯಿ ಕೀಳಲು ಹೋದಾಗಲೆಲ್ಲ ನಾನೂ ಹೋಗಿ, ಹೊಲದ ತಲೆಯಲ್ಲಿರುವ ಬಂಡೆಯ ಮೇಲೆ ಕುಳಿತು ಎದುರಿನ ಬೆಟ್ಟವನ್ನು ಪೆನ್ಸಿಲ್ಲಿನಲ್ಲಿ ಬರೆಯುತ್ತಿದ್ದೆ. ಅದೇ ಬೆಟ್ಟ, ದಿನಕ್ಕೊಂದು ಚಿತ್ರ. ಅಲುಗದೆ ಕೂತರೆ ಸ್ವಲ್ಪ ಹೊತ್ತಿಗೆ ಹಕ್ಕಿಗಳು ನಮ್ಮನ್ನು ಮರೆತುಬಿಡುತ್ತವೆ. ಕಾಲ ಬುಡಕ್ಕೇ ಬಂದು ಮೇಯುತ್ತವೆ. ಆ ಸುಖಕ್ಕಾಗಿ, ಬೆರಳು ಸೆಟೆದರೂ ನಾನು ಏಳುತ್ತಿರಲಿಲ್ಲ.

“ಬೆಟ್ಟ ಬರ್ಕಂಡು ಅದ್ರಲ್ಲೇ ಸಾರ್ ಮಾಡಿಯಾ ಮಗ? ಎರ್ಡು ಕಾಯಾದ್ರೂ ಕೀಳ್ಬಾರ್ದಾ?” ಎಂದು ಅವ್ವ ದಿನಾ ಹಂಗಿಸುತ್ತಿದ್ದಳು.

ಆ ದಿನ ಮಂಜು ಎಷ್ಟು ದಟ್ಟವಾಗಿತ್ತೆಂದರೆ ಅವ್ವ ನಾಲ್ಕು ಮಾರು ಹೋಗುವಷ್ಟರಲ್ಲಿ ಕಾಣದಾದಳು. ಅಲ್ಲಿ ಆನೆಗಳ ಓಡಾಟ. ಫೋನಿಗೆ ಟವರ್ ಸಿಗುವುದಿಲ್ಲ. ನಮ್ಮವರು ಕಾಡಂಚಿನಲ್ಲಿ ಹೆಸರು ಹಿಡಿದು ಕರೆಯುವುದೂ ಇಲ್ಲ. ಒಬ್ಬರು ‘ಕೂ’ ಎಂದರೆ ಇನ್ನೊಬ್ಬರು ‘ಕೂ’ ಎನ್ನಬೇಕು. ಓಗೊಟ್ಟರೆ ಕ್ಷೇಮವೆಂದು ಅರ್ಥ. ಅವ್ವನಿಗೆ ನೆಗಡಿಯಾಗಿ, ಅವಳ ಕೂಗು ಪ್ರತಿ ಸಲವೂ ಸಣ್ಣ ಕೆಮ್ಮಿನಲ್ಲಿ ಮುಗಿಯುತ್ತಿತ್ತು.

ಬೆಟ್ಟ ಒಮ್ಮೆ ತಲೆ ತೋರಿಸಿ ಮತ್ತೆ ಮರೆಯಾಗುತ್ತಿತ್ತು. ಸಿಕ್ಕಷ್ಟನ್ನು ಗೀಚುತ್ತಾ, ಕೂಗಿಗೆ ಓಗೊಡುತ್ತಾ ಕುಳಿತಿದ್ದೆ. ಬಹಳ ಹೊತ್ತಿನ ಮೇಲೆ ಗಮನಕ್ಕೆ ಬಂತು: ಕೂಗು ಅವರೆ ಸಾಲಿನಿಂದಲ್ಲ, ಕೆಳಗಿನ ಹಳ್ಳದ ಕಡೆಯಿಂದ ಬರುತ್ತಿದೆ. ಅಲ್ಲಿ ಮುಳ್ಳುಪೊದೆಗಳ ಹೊರತು ಏನೂ ಇಲ್ಲ. ನೋಡಿದರೆ ಹಕ್ಕಿಗಳೂ ಯಾವಾಗಲೋ ಹೋಗಿಬಿಟ್ಟಿದ್ದವು. ‘ಕೂ’ ಎಂದೆ. ತಕ್ಷಣ ಉತ್ತರ ಬಂತು, ಕೆಮ್ಮಿನ ಸಮೇತ, ಇನ್ನೂ ಕೆಳಗಿನಿಂದ. ಅವ್ವ ಮಂಜಿನಲ್ಲಿ ದಾರಿ ತಪ್ಪಿದ್ದಾಳೆಂದು ಹೆದರಿ ಹಳ್ಳದ ಕಡೆಗೆ ಇಳಿಯತೊಡಗಿದೆ.

ಹಿಂದಿನಿಂದ ಬೈಕಿನ ಹಾರನ್ ಕೇಳಿಸಿತು. ತಿರುಗಿದರೆ ಚಿಕ್ಕಪ್ಪ, ಅವನ ಹಿಂದೆ, ಪಾದಕ್ಕೆ ಬಟ್ಟೆ ಸುತ್ತಿಕೊಂಡು ಕೂತ ಅವ್ವ.

“ಅಳ್ಳುಕ್ ಯಾಕ್ ಇಳೀತಿದ್ದಯ್? ಬಾ ಇತ್ಲಾಗೆ!” ಎಂದು ಕಿರುಚಿದಳು.

“ನೀನೇ ಕರ್ದಲ್ಲವ್ವ?”

“ನಾನೆಲ್ಲಿ ಕರ್ದೆ? ಜ್ವಾಳದ್ ಕೂಳೆ ಕಾಲ್ಗ್ ಚುಚ್ಚಿ ರಕ್ತ ಸುರೀತು ಅಂತ ಆಗ್ಲೇ, ಆಚೆ ರಸ್ತೇಲ್ ಸಿಕ್ಕಿದ್ ಇವ್ನ್ ಗಾಡೀಲಿ ಮನೆಗ್ ಓದೆ. ಒರಡೋವಾಗ ಕೂಗ್ದೆ. ನೀನು ಊರ್ ದಾರಿಯಿಂದ ಕೂ ಅಂದೆ. ಮುಂದ್ಕೆ ನಡ್ಕಂಡು ಓಗ್ಬುಟ್ಟವ್ಳೆ ಅನ್ಕಂಡೆ. ಮನೇಲ್ ನೋಡುದ್ರೆ ನೀನಿಲ್ಲ!”

ನಾನು ಬಂಡೆಯಿಂದ ಕದಲಿಯೇ ಇರಲಿಲ್ಲ.

“ಅಕ್ಕಿ ಕಣತ್ಗೆ. ಕಾಜಾಣ ಯಾರ್ ತರ ಬೇಕಾದ್ರೂ ಕೂಗ್ತದೆ” ಎಂದು ಚಿಕ್ಕಪ್ಪ ನಗಲು ನೋಡಿದ. ಅಷ್ಟರಲ್ಲಿ ಹಳ್ಳದಿಂದ ಮತ್ತೆ ‘ಕೂ’ ಎಂದಿತು. ಕೊನೆಯಲ್ಲಿ ಸಣ್ಣ ಕೆಮ್ಮು. ಅವ್ವ ತುಟಿ ಬಿಗಿದು ನನ್ನನ್ನೇ ನೋಡುತ್ತಿದ್ದಳು. ಚಿಕ್ಕಪ್ಪ ನನ್ನನ್ನೂ ಹತ್ತಿಸಿಕೊಂಡು ಗಾಡಿ ತಿರುಗಿಸಿದ.

ಮಾರನೆಯ ದಿನ ಹೋಗಿ ನೋಡಿ ಬಂದವನೂ ಅವನೇ. ಮರಿಯ ಜೊತೆ ಆನೆಗಳು ಬಹಳ ಹೊತ್ತು ನಿಂತಿದ್ದ ಗುರುತು ಹಳ್ಳದ ಮರಳಿನಲ್ಲಿತ್ತಂತೆ.

ಹಕ್ಕಿಯೇ ಇರಬಹುದು. ಕಾಜಾಣ ಅಣಕಿಸುವುದನ್ನು ನಾನೇ ಎಷ್ಟೋ ಸಲ ಕೇಳಿದ್ದೇನೆ. ಆದರೆ ಅವ್ವನಿಗೆ ನನ್ನ ದನಿಯನ್ನೂ ನನಗೆ ಅವ್ವನ ದನಿಯನ್ನೂ ಕೊಟ್ಟು, ಒಬ್ಬಳನ್ನು ಊರಿಗೆ, ಒಬ್ಬಳನ್ನು ಹಳ್ಳಕ್ಕೆ ಕಳಿಸುವ ಹಕ್ಕಿ ಯಾವುದು?

ನಾನು ಈಗಲೂ ಆ ಬೆಟ್ಟವನ್ನು ಬರೆಯುತ್ತೇನೆ, ಅವ್ವ ಕಾಣುವಷ್ಟು ಹತ್ತಿರ ಕುಳಿತು. ನಾವು ಕೂಗು ಹಾಕುವುದನ್ನು ಬಿಟ್ಟಿದ್ದೇವೆ. ಈ ಚಳಿಗಾಲದಲ್ಲಿ ಒಂದು ಬೆಳಿಗ್ಗೆ, ಅವ್ವ ಪಕ್ಕದಲ್ಲೇ ಕಾಯಿ ಕೀಳುತ್ತಿದ್ದಾಗ, ಹಳ್ಳದಿಂದ ‘ಕೂ’ ಎಂದು ಕೇಳಿಸಿತು. ನನಗೆ ಅರಿವಿಲ್ಲದೆಯೇ ಬಾಯಿ ತೆರೆದಿತ್ತು. ಅವ್ವ ಬಂದು ತನ್ನ ಅಂಗೈಯಿಂದ ಅದನ್ನು ಮುಚ್ಚಿದಳು. ಆ ಕೈಯಲ್ಲಿ ಅವರೆಯ ಸೊಗಡಿತ್ತು.